ಕೊಳ್ಳುವ ಮೊದಲು ಹಾರಿ ನೋಡಿದವರು

ಪಾಲಬಾವಿ ಕಡೆಯ ರೈತ ಬೆಲ್ಲದ ಪೆಂಟಿ ಹೇರಿಕೊಂಡು ಪೇಟೆಗೆ ಹೋದರೆ ಅಡತಿ ಅಂಗಡಿಯವರು ಒಮ್ಮೆಲೇ ತೂಕಕ್ಕೆ ಹಚ್ಚುವುದಿಲ್ಲ. ಬಣ್ಣ ನೋಡುತ್ತಾರೆ, ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಾರೆ, ದರದ ಮಾತು ಆಮೇಲೆ. ಸರಕಾರ ಯುದ್ಧವಿಮಾನ ಕೊಳ್ಳುವ ರೀತಿಯೂ ಹೆಚ್ಚು ಕಡಿಮೆ ಇದೇ. ಫರಕು ಇಷ್ಟೇ. ಬೆಲ್ಲ ಸರಿಯಿಲ್ಲದಿದ್ದರೆ ಉಗುಳಬಹುದು. ವಿಮಾನದ ರುಚಿ ನೋಡುವವನು ಅದರೊಳಗೆ ಕೂತು ಮುಗಿಲಿಗೆ ಏರಬೇಕು.

ಹಾಗೆ ಏರಿದವರಲ್ಲಿ ಒಬ್ಬರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. ನಮ್ಮ ಕಡೆಯವರು ಕೆಲಸಕ್ಕೆ, ಆಸ್ಪತ್ರೆಗೆ ಅಂತ ಬೆಂಗಳೂರಿಗೆ ಹೋದಾಗ ಹಳೇ ಮದ್ರಾಸ್ ರಸ್ತೆಯಿಂದ ಹಳೇ ವಿಮಾನ ನಿಲ್ದಾಣದ ಕಡೆಗೆ ಬಸ್ ಹತ್ತಿದರೆ ಸುರಂಜನ್ ದಾಸ್ ರಸ್ತೆ ಬರುತ್ತದೆ. ಯಾರಪ್ಪ ಈ ದಾಸರು ಅಂತ ಕೇಳುವವರು ಕಡಿಮೆ. ಹರಿದಾಸರೂ ಅಲ್ಲ, ರಾಜಕಾರಣಿಯೂ ಅಲ್ಲ.

ಬಂಗಾಲಿ ಮನೆತನ. ತಂದೆ ಸುಧಿರಂಜನ್ ದಾಸ್ 1956ರಿಂದ 1959ರವರೆಗೆ ಭಾರತದ ಮುಖ್ಯ ನ್ಯಾಯಮೂರ್ತಿ. ಅಂಥವರ ಮಗ ಕರೀ ಕೋಟು ತೊಟ್ಟಿದ್ದರೆ ನೆಳ್ಳಾಗೆ ಕೂತು ಉಣ್ಣಬಹುದಿತ್ತು. ಈತ ಎರಡನೇ ಮಹಾಯುದ್ಧದ ಕಾಲಕ್ಕೆ ವಾಯುಪಡೆ ಸೇರಿದರು. ಆಮೇಲೆ ಇಂಗ್ಲೆಂಡಿಗೆ ಹೋಗಿ ಪರೀಕ್ಷಾ ಪೈಲಟ್‌ಗಳ ಶಾಲೆಯಲ್ಲಿ ಕಲಿತು ಬಂದರು. ವಿಮಾನ ಹಾರಿಸುವವರು ಬಹಳ ಮಂದಿ. ಇದರ ಗುಣವೇನು, ದೋಷವೇನು, ನಮ್ಮ ಹುಡುಗರ ಕೈಗೆ ಕೊಡಬಹುದೇ ಅಂತ ಹೇಳಬಲ್ಲವರು ಕೆಲವೇ ಮಂದಿ.

1956ರಲ್ಲಿ ಭಾರತ ಇಂಗ್ಲೆಂಡಿನ ನ್ಯಾಟ್ ಎಂಬ ಗಿಡ್ಡ ಜೆಟ್ ವಿಮಾನಕ್ಕೆ ಒಪ್ಪಂದ ಮಾಡಿಕೊಂಡಿತು. ಅಲ್ಲಿಯ ಚಳಿಯಲ್ಲಿ ಹಾರುವ ಯಂತ್ರ ಇಲ್ಲಿಯ ಬಿಸಿಲು ಧೂಳಿಗೆ ತಾಳಬೇಕಲ್ಲ? ಅದನ್ನು ಒರೆಗೆ ಹಚ್ಚಲು 1958ರಲ್ಲಿ ಕಾನ್ಪುರದಲ್ಲಿ ಒಂದು ಸಣ್ಣ ತಂಡ ಕಟ್ಟಿದರು. ಅದರ ಮುಖ್ಯಸ್ಥರು ದಾಸ್. ಮುಂದೆ 1965ರ ಯುದ್ಧದಲ್ಲಿ ಇದೇ ಗಿಡ್ಡ ವಿಮಾನ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಕೆಡವಿ ಹೆಸರು ಮಾಡಿತು.

ಇತ್ತ ಬೆಂಗಳೂರಿನ ಎಚ್.ಎ.ಎಲ್. ಕಾರ್ಖಾನೆಯಲ್ಲಿ ಬೇರೊಂದು ಹುರುಪು. ನಮ್ಮ ಮಗ್ಗುಲಿನ ಸೊಲ್ಲಾಪುರದ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಜತೆಗೂಡಿ 1940ರಲ್ಲಿ ಹಾಕಿದ ಕಾರ್ಖಾನೆ ಅದು. ಜರ್ಮನಿಯ ಹೆಸರಾಂತ ವಿನ್ಯಾಸಕಾರ ಕರ್ಟ್ ಟ್ಯಾಂಕ್ 1956ರಲ್ಲಿ ಬಂದು, ನಮ್ಮವರ ಜತೆ ಕೂತು, ಶಬ್ದದ ಎರಡು ಪಟ್ಟು ವೇಗದ ಗುರಿಯಿಟ್ಟು ಯುದ್ಧವಿಮಾನದ ನಕಾಶೆ ತೆಗೆದರು. ಹೆಸರು ಮಾರುತ್. 1961ರ ಜೂನ್ 17, ಶನಿವಾರ, ಹಣಮಪ್ಪನ ವಾರ. ಅಂದು ಅದನ್ನು ಮೊದಲ ಸಲ ಮೇಲೆತ್ತಿದವರು ಸುರಂಜನ್ ದಾಸ್.

ಆದರೆ ಖರೀದಿಯ ಕಡೆ ಗಂಟು ಬಿತ್ತು. ಈ ವಿಮಾನಕ್ಕೆ ಬೇಕಾದ ದೊಡ್ಡ ಎಂಜಿನ್ ಇಂಗ್ಲೆಂಡಿನಲ್ಲಿ ಇನ್ನೂ ತಯಾರಾಗಬೇಕಿತ್ತು. ಅದಕ್ಕೆ ಹಣ ಹಾಕಿರಿ ಎಂದರು ಅವರು. ದಿಲ್ಲಿ ಕೈ ಬಿಚ್ಚಲಿಲ್ಲ. ಕೊನೆಗೆ ನ್ಯಾಟ್‌ಗೆ ಹಾಕುತ್ತಿದ್ದ ಜಾತಿಯ ಎಂಜಿನ್‌ಗಳನ್ನೇ ಎರಡು ಕೂಡಿಸಿದರು. ಕಬ್ಬಿನ ಹೇರಿಗೆ ಹೋರಿಗರು ಹೂಡಿದ ಹಾಗಾಯಿತು. ಈಜಿಪ್ತಿನ ಎಂಜಿನ್ ಹಾಕಿ ನೋಡಿದರು, ಅದೂ ಕೈಗೂಡಲಿಲ್ಲ. ಕಡೆಗೆ ಇದ್ದ ಎಂಜಿನ್‌ನ ಬಾಲದಲ್ಲೇ ಮತ್ತಷ್ಟು ಇಂಧನ ಉರಿಸಿ ಜೋರು ಹೆಚ್ಚಿಸುವ ಉಪಾಯವನ್ನು ಬೆಂಗಳೂರಿನವರೇ ಮಾಡಿದರು.

ಅದನ್ನೂ ಯಾರಾದರೂ ಹಾರಿಸಿ ನೋಡಬೇಕಲ್ಲ? 1970ರ ಜನವರಿ 10. ಅದೂ ಶನಿವಾರವೇ. ದಾಸ್ ಆ ವಿಮಾನ ಏರಿದರು. ನೆಲ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅದು ಬಿತ್ತು. ದಾಸ್ ಉಳಿಯಲಿಲ್ಲ. ವಯಸ್ಸು ಐವತ್ತರ ಹೊಸ್ತಿಲು. ಅದೇ ವರ್ಷ ಸರಕಾರ ಮರಣೋತ್ತರ ಪದ್ಮವಿಭೂಷಣ ಕೊಟ್ಟಿತು.

ಮಾರುತ್ ಮುಂದೆ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ದುಡಿಯಿತು. ಒಟ್ಟು ಕಟ್ಟಿದ್ದು 147. ಅಂದುಕೊಂಡ ವೇಗ ಮಾತ್ರ ಕೊನೆತನಕ ಬರಲಿಲ್ಲ. ಶಾಲೆ ಮಕ್ಕಳ ಸಹಲು ಬೆಂಗಳೂರಿಗೆ ಹೋದಾಗ ವಿಶ್ವೇಶ್ವರಯ್ಯ ಮ್ಯೂಸಿಯಂ ಅಂಗಳದಲ್ಲಿ ನಿಂತ ಮಾರುತ್ ತೋರಿಸುತ್ತಾರೆ. ಹುಡುಗರು ಅದರ ಮುಂದೆ ಫೋಟೋ ತೆಗೆಸಿಕೊಂಡು ಐಸ್‌ಕ್ರೀಮಿಗೆ ಓಡುತ್ತಾರೆ.

ಬೆಳಗಾವಿಯ ಸಾಂಬ್ರಾ ತರಬೇತಿ ಶಾಲೆಯ ಹುಡುಗರನ್ನು ಬಸ್ಸಿನಲ್ಲಿ ಕಂಡವರು ನಾವು. ಅವರ ಕೈಗೆ ಯಾವ ಯಂತ್ರ ಬರುತ್ತದೆ ಎಂಬುದು ಖರೀದಿ ಕಾಗದದ ಮೇಲೆ ನಿಂತ ಮಾತು. ಅಂಗಡಿಯಲ್ಲಿ ಕಾಸು ಉಳಿಸಿ ಖೊಟ್ಟಿ ಮಾಲು ತಂದರೆ ಗಿರಾಕಿ ಮರುದಿನ ಜಗಳಕ್ಕೆ ಬರುತ್ತಾನೆ. ಮುಗಿಲಿನಲ್ಲಿ ಆ ಲೆಕ್ಕ ಚುಕ್ತಾ ಮಾಡುವವನು ಒಬ್ಬನೇ, ಒಳಗೆ ಕೂತವನು. ದಾಸರ ಹೆಸರಿನ ರಸ್ತೆಯಲ್ಲಿ ಬಸ್ ಹೊರಟಾಗ ಇಷ್ಟು ನೆನಪಾದರೆ ಸಾಕು.