ಸರ್ ಹೆರಾಲ್ಡ್ ಹಿಮ್ಸ್‌ವರ್ತ್ (1905–1993): ಮಧುಮೇಹದ ಎರಡು ಬಗೆಗಳನ್ನು ಗುರುತಿಸಿದ ವೈದ್ಯ

ಶ್ರೀರಂಗಪಟ್ಟಣ ತಾಲ್ಲೂಕಿನ ಪಾಲಹಳ್ಳಿಯು ಸಕ್ಕರೆಯ ಇತಿಹಾಸದಲ್ಲಿ ಹೆಸರು ಪಡೆದ ಗ್ರಾಮವಾಗಿರುತ್ತದೆ. 1847ರಲ್ಲಿ ಗ್ರೋವ್ಸ್ ಕಂಪನಿಯವರು ಇಲ್ಲಿ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿ, ರೈತರು ತಯಾರಿಸಿದ ಬೆಲ್ಲವನ್ನು ಶುದ್ಧೀಕರಿಸಿ ಸಕ್ಕರೆ ಮಾಡುತ್ತಿದ್ದರು. ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಮಧುಮೇಹವನ್ನು ಸಕ್ಕರೆ ಕಾಯಿಲೆ ಎಂದು ಕರೆಯುವುದು ರೂಢಿ. ಸಿಹಿ ತಿಂದವರಿಗೆ ಬರುವ ಕಾಯಿಲೆ ಎಂಬ ಭಾವನೆಯೂ ಆ ಹೆಸರಿನಲ್ಲಿಯೇ ಅಡಗಿರುತ್ತದೆ. ಒಂದೇ ಮನೆಯ ಇಬ್ಬರಿಗೆ ಕಾಯಿಲೆಯಿದ್ದು, ಒಬ್ಬರಿಗೆ ಇನ್ಸುಲಿನ್ ಚುಚ್ಚುಮದ್ದು, ಇನ್ನೊಬ್ಬರಿಗೆ ಮಾತ್ರೆ ಮತ್ತು ನಡಿಗೆ ಸೂಚಿಸಿದಾಗ ಈ ಭೇದವೇಕೆ ಎಂಬ ಸಂದೇಹ ಸಹಜವಾಗಿ ಮೂಡುತ್ತದೆ. ಇದಕ್ಕೆ ಪ್ರಯೋಗದ ಮೂಲಕ ಉತ್ತರ ಹುಡುಕಿದವರು ಇಂಗ್ಲೆಂಡಿನ ವೈದ್ಯರಾದ ಸರ್ ಹೆರಾಲ್ಡ್ ಪರ್ಸಿವಲ್ ಹಿಮ್ಸ್‌ವರ್ತ್‌ರವರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ವಿವರವನ್ನು ಇಲ್ಲಿ ನೀಡಲಾಗಿದೆ.

ಹಿಮ್ಸ್‌ವರ್ತ್‌ರವರು 1905ರ ಮೇ 19ರಂದು, ಉಣ್ಣೆ ಗಿರಣಿಗಳಿಗೆ ಹೆಸರಾದ ಹಡರ್ಸ್‌ಫೀಲ್ಡ್ ಪಟ್ಟಣದಲ್ಲಿ ಜನಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಆಸ್ಪತ್ರೆಯಲ್ಲಿ ವೈದ್ಯ ಶಿಕ್ಷಣ ಪಡೆದು ಅಲ್ಲಿಯೇ ಸೇವೆಗೆ ಸೇರಿದರು. ಅವರು ವೃತ್ತಿಗೆ ಬರುವ ಕೆಲವೇ ವರ್ಷಗಳ ಹಿಂದೆ, 1922ರ ಜನವರಿಯಲ್ಲಿ, ಕೆನಡಾದ ಟೊರೊಂಟೊ ನಗರದಲ್ಲಿ ಮಧುಮೇಹದಿಂದ ಸಾವಿನ ಅಂಚಿಗೆ ತಲುಪಿದ್ದ ಹದಿನಾಲ್ಕರ ಬಾಲಕನೊಬ್ಬನಿಗೆ ಇನ್ಸುಲಿನ್ ನೀಡಲಾಗಿತ್ತು. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಉತ್ಪತ್ತಿಯಾಗದಿರುವುದೇ ಮಧುಮೇಹ, ಅದನ್ನು ಹೊರಗಿನಿಂದ ಒದಗಿಸಿದರೆ ಸಾಕು ಎಂಬ ಅಭಿಪ್ರಾಯವು ಅಂದಿನಿಂದ ಬಲವಾಗಿ ಬೇರೂರಿತು.

ಆದರೆ ವಾರ್ಡುಗಳಲ್ಲಿ ಕಂಡುಬರುತ್ತಿದ್ದುದೇ ಬೇರೆ. ಕೆಲವು ರೋಗಿಗಳ ರಕ್ತದ ಸಕ್ಕರೆಯು ಸ್ವಲ್ಪ ಇನ್ಸುಲಿನ್‌ನಿಂದಲೇ ಥಟ್ಟನೆ ಇಳಿಯುತ್ತಿತ್ತು; ಮತ್ತೆ ಕೆಲವರಲ್ಲಿ ಅಷ್ಟೇ ಪ್ರಮಾಣದ ಔಷಧಿಯು ಏನನ್ನೂ ಮಾಡುತ್ತಿರಲಿಲ್ಲ. ಇದನ್ನು ಅಳೆಯಲು ಹಿಮ್ಸ್‌ವರ್ತ್‌ರವರು ಸರಳವಾದ ಪರೀಕ್ಷೆಯೊಂದನ್ನು ರೂಪಿಸಿದರು. ಒಂದು ದಿನ ರೋಗಿಗೆ ಗ್ಲೂಕೋಸ್ ಮಾತ್ರ ಕುಡಿಸಿ ರಕ್ತದ ಸಕ್ಕರೆ ಏರುವುದನ್ನು ದಾಖಲಿಸಲಾಗುತ್ತಿತ್ತು. ಇನ್ನೊಂದು ದಿನ ಗ್ಲೂಕೋಸ್ ಕುಡಿಸುವಾಗಲೇ ರಕ್ತನಾಳಕ್ಕೆ ಇನ್ಸುಲಿನ್ ನೀಡಲಾಗುತ್ತಿತ್ತು. ಎರಡನೆಯ ದಿನ ಸಕ್ಕರೆ ಏರದೆ ನಿಂತರೆ ಅಂಥವರ ಶರೀರವು ಇನ್ಸುಲಿನ್‌ಗೆ ಸ್ಪಂದಿಸುತ್ತದೆ ಎಂದೂ, ಮೊದಲಿನಂತೆಯೇ ಏರಿದರೆ ಸ್ಪಂದನೆ ಕುಂದಿದೆ ಎಂದೂ ತೀರ್ಮಾನಿಸಿದರು. 1936ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಲೇಖನವು ಮಧುಮೇಹವನ್ನು ಹೀಗೆ ಎರಡಾಗಿ ವಿಂಗಡಿಸಿತು. ಸ್ಪಂದಿಸುವವರು ಸಾಮಾನ್ಯವಾಗಿ ಚಿಕ್ಕ ವಯಸ್ಸಿನವರು, ಕೃಶ ಶರೀರದವರು. ಅವರಲ್ಲಿ ರೋಗವು ಹಠಾತ್ತನೆ ಕಾಣಿಸಿಕೊಳ್ಳುತ್ತದೆ. ಸ್ಪಂದಿಸದವರು ಹೆಚ್ಚಾಗಿ ವಯಸ್ಕರು, ಸ್ಥೂಲಕಾಯರು, ಅಧಿಕ ರಕ್ತದೊತ್ತಡವುಳ್ಳವರು. ಅವರಲ್ಲಿ ರೋಗವು ಸದ್ದಿಲ್ಲದೆ ಬೆಳೆಯುತ್ತದೆ. ಇಂದು ಒಂದನೆಯ ಮತ್ತು ಎರಡನೆಯ ಬಗೆಯ ಮಧುಮೇಹವೆಂದು ಕರೆಯುವ ವಿಂಗಡಣೆಗೆ ಇದು ಮುನ್ನುಡಿಯಾಯಿತು. ಸರ್ಕಾರಿ ಆಸ್ಪತ್ರೆಗಳಲ್ಲಿ 30 ವರ್ಷ ಮೇಲ್ಪಟ್ಟವರಿಗೆ ರಕ್ತದ ಸಕ್ಕರೆ ಹಾಗೂ ರಕ್ತದೊತ್ತಡವನ್ನು ಒಟ್ಟಿಗೆ ತಪಾಸಣೆ ಮಾಡುವುದರ ಹಿನ್ನೆಲೆಯಲ್ಲಿಯೂ ಇವೆರಡರ ಈ ಸಂಬಂಧವಿದೆ.

ಇದಕ್ಕೂ ಮುನ್ನ, 1935ರ ಸುಮಾರಿಗೆ, ಅವರು ಆರೋಗ್ಯವಂತ ಪುರುಷರ ಆಹಾರವನ್ನು ಬದಲಿಸಿ ಪರೀಕ್ಷಿಸಿದ್ದರು. ಫಲಿತಾಂಶವು ಜನರ ನಂಬಿಕೆಗೆ ತಿರುವುಮುರುವಾಗಿತ್ತು. ಪಿಷ್ಟಭರಿತ ಆಹಾರ ಸೇವಿಸಿದಾಗ ಇನ್ಸುಲಿನ್‌ಗೆ ಸ್ಪಂದಿಸುವ ಶಕ್ತಿ ಹೆಚ್ಚಿತು; ಪಿಷ್ಟ ತಗ್ಗಿಸಿ ಕೊಬ್ಬು ಹೆಚ್ಚಿಸಿದಾಗ ಅದು ಕುಂದಿತು. ಮೊದಲನೆಯ ಮಹಾಯುದ್ಧದ ಆಹಾರದ ಅಭಾವದಲ್ಲಿ ಮಧುಮೇಹದ ಮರಣಗಳು ಇಳಿದಿದ್ದುದನ್ನೂ ಅವರು ಅಂಕಿ ಅಂಶಗಳಿಂದ ತೋರಿಸಿದರು. ಕೊಬ್ಬೇ ರೋಗದ ಮೂಲವೆಂಬ ಅವರ ಒಲವನ್ನು ಮುಂದಿನ ಸಂಶೋಧಕರು ಪೂರ್ಣವಾಗಿ ಒಪ್ಪಲಿಲ್ಲ. ಇವು ಆರೋಗ್ಯವಂತರ ಮೇಲೆ ಅಲ್ಪಾವಧಿಗೆ ನಡೆದ ಪ್ರಯೋಗಗಳಾದುದರಿಂದ, ರೋಗಿಗಳು ಸಕ್ಕರೆ, ಬೆಲ್ಲಗಳನ್ನು ಧಾರಾಳವಾಗಿ ಸೇವಿಸಬಹುದೆಂದು ಅರ್ಥೈಸತಕ್ಕದ್ದಲ್ಲ.

1939ರಲ್ಲಿ ಅವರು ಲಂಡನ್ ವಿಶ್ವವಿದ್ಯಾನಿಲಯದ ವೈದ್ಯಶಾಸ್ತ್ರ ಪ್ರಾಧ್ಯಾಪಕರಾದರು. ಯಕೃತ್ತಿನ ರೋಗಗಳ ಬಗ್ಗೆಯೂ ಅಧ್ಯಯನ ನಡೆಸಿದರು. 1949ರಿಂದ 1968ರವರೆಗೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಕಾರ್ಯದರ್ಶಿಯಾಗಿದ್ದರು. ಇನ್ಸುಲಿನ್ ಅಣುವಿನ ರಚನೆಯನ್ನು ಬಿಡಿಸಿ 1958ರಲ್ಲಿ ನೊಬೆಲ್ ಪಡೆದ ಫ್ರೆಡರಿಕ್ ಸ್ಯಾಂಗರ್‌ರವರು ಇದೇ ಮಂಡಳಿಯ ಸಿಬ್ಬಂದಿಯಾಗಿದ್ದರು. ಆದರೆ ಹಿಮ್ಸ್‌ವರ್ತ್‌ರವರ ಸ್ವಂತ ಶೋಧವು ಬಹುಕಾಲ ಮೂಲೆಗುಂಪಾಗಿತ್ತು. ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆಯೆಂದು ನೇರವಾಗಿ ಅಳೆಯುವ ವಿಧಾನವೇ ಆಗ ಇರಲಿಲ್ಲ. 1960ರಲ್ಲಿ ಅಮೆರಿಕದ ರೋಸಲಿನ್ ಯಾಲೊ ಮತ್ತು ಸಾಲಮನ್ ಬರ್ಸನ್‌ರವರು ಅಂಥ ವಿಧಾನವನ್ನು ಪ್ರಕಟಿಸಿ, ವಯಸ್ಕರಾದ ನಂತರ ಮಧುಮೇಹ ಕಾಣಿಸಿಕೊಂಡ ಅನೇಕರ ರಕ್ತದಲ್ಲಿ ಇನ್ಸುಲಿನ್ ಸಾಕಷ್ಟಿರುತ್ತದೆ ಎಂದು ತೋರಿಸಿದರು. ಕೊರತೆಯಿದ್ದುದು ಶರೀರದ ಸ್ಪಂದನೆಯಲ್ಲಿ. 1936ರ ಲೇಖನದ ಮಾತು ಇಪ್ಪತ್ತನಾಲ್ಕು ವರ್ಷಗಳ ನಂತರ ಹೀಗೆ ಸಮರ್ಥನೆ ಪಡೆಯಿತು.

ಈ ಸ್ಪಂದನೆಯನ್ನು ಏರಿಳಿಸುವ ಅಂಶಗಳು ಈಗ ಹೆಚ್ಚು ಸ್ಪಷ್ಟವಾಗಿವೆ. ಹೊಟ್ಟೆಯ ಸುತ್ತಲಿನ ಮತ್ತು ಯಕೃತ್ತಿನಲ್ಲಿನ ಕೊಬ್ಬು, ನಿದ್ರೆಯ ಕೊರತೆ, ಧೂಮಪಾನ, ಜ್ವರ ಮತ್ತು ಸೋಂಕು, ಸ್ಟೀರಾಯ್ಡ್ ಔಷಧಿಗಳು ಇದನ್ನು ಕುಗ್ಗಿಸುತ್ತವೆ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿಯೂ ಇದು ಸ್ವಾಭಾವಿಕವಾಗಿ ಕುಗ್ಗುತ್ತದೆ. ಆದುದರಿಂದಲೇ ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ಮಾಡಲಾಗುತ್ತದೆ. ದೈಹಿಕ ಶ್ರಮವು ಇದನ್ನು ಹೆಚ್ಚಿಸುತ್ತದೆ. ದುಡಿಯುವ ಸ್ನಾಯುವು ಇನ್ಸುಲಿನ್‌ನ ನೆರವಿಲ್ಲದೆಯೂ ಸಕ್ಕರೆಯನ್ನು ಎಳೆದುಕೊಳ್ಳಬಲ್ಲದು, ಮತ್ತು ಒಮ್ಮೆ ಶ್ರಮಪಟ್ಟ ಪ್ರಯೋಜನವು ಒಂದೆರಡು ದಿನ ಮಾತ್ರ ಉಳಿಯುತ್ತದೆ. ಗದ್ದೆಯ ಕೆಲಸ ಯಂತ್ರದ ಪಾಲಾದ ಮನೆಗಳಲ್ಲಿ ಊಟದ ಪ್ರಮಾಣ ಮಾತ್ರ ಹಿಂದಿನಂತೆಯೇ ಉಳಿದಿದ್ದರೆ ಅದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಮೊದಲನೆಯ ಬಗೆಯ ರೋಗಿಗಳಿಗೆ ಮಾತ್ರ ನಡಿಗೆಯು ಇನ್ಸುಲಿನ್‌ಗೆ ಬದಲಿಯಾಗಲಾರದು. ಅವರು ಚುಚ್ಚುಮದ್ದನ್ನು ನಿಲ್ಲಿಸಿದರೆ ಪ್ರಾಣಾಪಾಯ ಉಂಟಾಗುತ್ತದೆ.

ಹಿಮ್ಸ್‌ವರ್ತ್‌ರವರು 1993ರ ನವೆಂಬರ್ 1ರಂದು ನಿಧನರಾದರು. ಅವರು ಲಂಡನ್ನಿನಲ್ಲಿ ಪ್ರಯೋಗ ನಡೆಸುತ್ತಿದ್ದ ಅದೇ ಕಾಲದಲ್ಲಿ, ಪಾಲಹಳ್ಳಿಗೆ ಸಮೀಪದ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ, ಹುಟ್ಟಿದ ಶಿಶುಗಳ ತೂಕ ಮತ್ತು ಉದ್ದವನ್ನು ಬರೆದಿಡಲಾಗುತ್ತಿತ್ತು. 1934ರಿಂದ 1954ರವರೆಗೆ ಅಲ್ಲಿ ಜನಿಸಿದವರ ಪೈಕಿ 506 ಮಂದಿಯನ್ನು ನಡುವಯಸ್ಸಿನಲ್ಲಿ ಪರೀಕ್ಷಿಸಿದ ವರದಿಯು 1998ರಲ್ಲಿ ಪ್ರಕಟವಾಯಿತು. ಹುಟ್ಟಿನಲ್ಲಿ ಉದ್ದ ಕಡಿಮೆಯಿದ್ದು ಮೈ ದಪ್ಪಗಿದ್ದವರಲ್ಲಿ ಮತ್ತು ತಾಯಂದಿರ ತೂಕ ಹೆಚ್ಚಿದ್ದವರಲ್ಲಿ ಮಧುಮೇಹವು ಅಧಿಕವಾಗಿ ಕಂಡುಬಂದಿತು. ಹೆರಿಗೆ ಕೋಣೆಯ ಆ ಹಳೆಯ ದಾಖಲೆಗಳು ಅರ್ಧ ಶತಮಾನಕ್ಕೂ ಮೀರಿ ಸುರಕ್ಷಿತವಾಗಿದ್ದುದರಿಂದಲೇ ಈ ಅಧ್ಯಯನ ಸಾಧ್ಯವಾಯಿತು.