ಹೊಲದಲ್ಲಿ ಕಾರು ಬೆಳೆಯಹೊರಟ ಹೆನ್ರಿ ಫೋರ್ಡ್

ಮಹಾರಾಷ್ಟ್ರದ ಗಡಿಯಲ್ಲಿರುವ ನಿಲಂಗಾ, ಉದಗೀರ, ಉಮರ್ಗಾ ತಾಲೂಕುಗಳಲ್ಲಿ, ನಮ್ಮಂತೆಯೇ ನೆರೆಭಾಷೆಯ ನಡುವೆ ಮನೆಮಾತನ್ನು ಉಳಿಸಿಕೊಂಡು ಬಂದ ಕನ್ನಡ ಕುಟುಂಬಗಳಿವೆ. ಅಲ್ಲಿಯ ಕಪ್ಪು ಎರೆಮಣ್ಣಿನ ಹೊಲಗಳಲ್ಲಿ ಈಗ ಮುಂಗಾರು ಬಂತೆಂದರೆ ಎಲ್ಲಿ ನೋಡಿದರೂ ಸೋಯಾಬೀನ್. ಬೆಳೆ ಬಂದರೆ ಬೆಲೆಯ ಚಿಂತೆ. 2024-25ರ ಹಂಗಾಮಿಗೆ ಕೇಂದ್ರ ಸರಕಾರವು ಕ್ವಿಂಟಾಲಿಗೆ 4,892 ರೂಪಾಯಿ ಬೆಂಬಲ ಬೆಲೆ ಸಾರಿದರೂ, ಲಾತೂರಿನ ಪೇಟೆಯ ಧಾರಣೆ ಅದಕ್ಕಿಂತ ಕೆಳಗೇ ಉಳಿಯಿತು. ಕಾಳು ಗಿರಣಿಗೆ ಹೋಗುತ್ತದೆ. ಎಣ್ಣೆ ಅಡಿಗೆಗೆ, ಹಿಂಡಿ ಕೋಳಿ ದನಗಳಿಗೆ. ಈ ಎರಡಲ್ಲದೆ ಮೂರನೆಯ ಗಿರಾಕಿಯೊಬ್ಬ ಇದ್ದಿದ್ದರೆ ರೈತನಿಗೆ ಎಷ್ಟೋ ಆಸರೆಯಾಗುತ್ತಿತ್ತು. ಆ ಮೂರನೆಯ ಗಿರಾಕಿ ತಾನೇ ಆಗಬೇಕೆಂದು ಹೊರಟವರು ಹೆನ್ರಿ ಫೋರ್ಡ್. ಮೋಟಾರು ಕಾರಿನ ಫೋರ್ಡರನ್ನು ಎಲ್ಲರೂ ಬಲ್ಲರು. ಸೋಯಾಬೀನಿನ ಫೋರ್ಡರನ್ನು ಬಲ್ಲವರು ಕಡಿಮೆ.

ಅವರು ಹುಟ್ಟಿದ್ದು 1863ರ ಜುಲೈ 30ರಂದು, ಅಮೆರಿಕದ ಮಿಶಿಗನ್ ರಾಜ್ಯದ ಡಿಯರ್‌ಬಾರ್ನ್ ಬಳಿಯ ಕೃಷಿಕ ಮನೆತನದಲ್ಲಿ. ತಂದೆ ಐರ್ಲೆಂಡಿನಿಂದ ವಲಸೆ ಬಂದವರು. ತಾಯಿ ತೀರಿಕೊಂಡಾಗ ಹುಡುಗನಿಗೆ ಹನ್ನೆರಡು ವರ್ಷ. ಗಡಿಯಾರ ಬಿಚ್ಚಿ ಜೋಡಿಸುವುದರಲ್ಲಿದ್ದ ಆಸಕ್ತಿ ಆತನಿಗೆ ಹೊಲದ ಕೆಲಸದಲ್ಲಿ ಇರಲಿಲ್ಲ. 1879ರಲ್ಲಿ ಡೆಟ್ರಾಯಿಟ್ ಪಟ್ಟಣ ಸೇರಿ ಯಂತ್ರಶಾಲೆಯಲ್ಲಿ ಕೆಲಸ ಕಲಿತ. ಮುಂದಿನದು ಲೋಕಪ್ರಸಿದ್ಧ: 1896ರಲ್ಲಿ ಮೊದಲ ಗಾಡಿ, 1903ರಲ್ಲಿ ಕಂಪೆನಿ, 1908ರಲ್ಲಿ ಮಾಡೆಲ್ ಟಿ, 1913ರಲ್ಲಿ ಚಲಿಸುವ ಜೋಡಣಾ ಸಾಲು, 1914ರಲ್ಲಿ ಕಾರ್ಮಿಕರಿಗೆ ದಿನಕ್ಕೆ 5 ಡಾಲರ್ ಸಂಬಳ. 1927ರ ಹೊತ್ತಿಗೆ ಒಂದೂವರೆ ಕೋಟಿ ಮಾಡೆಲ್ ಟಿ ಕಾರುಗಳು ಹೊರಬಂದಿದ್ದವು.

ಬೇಸಾಯ ಬಿಟ್ಟು ಓಡಿದವನನ್ನು ಬೇಸಾಯವೇ ಮತ್ತೆ ಕರೆಯಿತು. 1929ರ ಬಳಿಕ ಅಮೆರಿಕದಲ್ಲಿ ಆರ್ಥಿಕ ಕುಸಿತ ಬಂದು ಧಾನ್ಯದ ಬೆಲೆ ಎಷ್ಟು ಬಿತ್ತೆಂದರೆ, ಕೆಲವೆಡೆ ರೈತರು ಚಳಿಗಾಲದಲ್ಲಿ ಕಲ್ಲಿದ್ದಲಿಗಿಂತ ಅಗ್ಗವೆಂದು ಮುಸುಕಿನ ಜೋಳವನ್ನೇ ಒಲೆಗೆ ಹಾಕಿದರು. ಕಾರ್ಖಾನೆಗೆ ಬೇಕಾದ ಕಚ್ಚಾಮಾಲು ಹೊಲದಿಂದಲೇ ಬಂದರೆ ರೈತ ಬದುಕಿಯಾನು, ಬದುಕಿದ ರೈತ ಕಾರನ್ನೂ ಕೊಂಡಾನು ಎಂಬುದು ಫೋರ್ಡರ ಲೆಕ್ಕ. ಇದರಲ್ಲಿ ಧರ್ಮಬುದ್ಧಿ ಎಷ್ಟು, ವ್ಯಾಪಾರಬುದ್ಧಿ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಡಿಯರ್‌ಬಾರ್ನಿನಲ್ಲಿ ಪ್ರಯೋಗಶಾಲೆ ತೆರೆದು, ರಾಬರ್ಟ್ ಬಾಯರ್ ಎಂಬ ಯುವಕನ ಕೈಗೆ ಅದನ್ನು ಒಪ್ಪಿಸಿದರು. ಗಜ್ಜರಿ, ಕೋಸು, ಕಲ್ಲಂಗಡಿ ಹೀಗೆ ಸಿಕ್ಕಿದ್ದನ್ನೆಲ್ಲ ಪರೀಕ್ಷಿಸಿ, 1931ರ ಕೊನೆಗೆ ಸೋಯಾಬೀನಿಗೆ ಬಂದು ನಿಂತರು.

ಕಾರಣ ಸರಳ. ಈ ಕಾಳಿನಲ್ಲಿ ಎಣ್ಣೆಯೂ ಇದೆ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ಹೇರಳ ಸಸಾರಜನಕವೂ ಇದೆ. ಎಣ್ಣೆಯಿಂದ ಕಾರಿಗೆ ಬಳಿಯುವ ಎನಾಮಲ್ ಬಣ್ಣ ತಯಾರಾಯಿತು. ಹಿಂಡಿಯ ಪುಡಿಯನ್ನು ಫೀನಾಲ್, ಫಾರ್ಮಾಲ್ಡಿಹೈಡುಗಳ ರಾಳದೊಂದಿಗೆ ಬೆರೆಸಿ, ಕಾದ ಅಚ್ಚಿನಲ್ಲಿ ಒತ್ತಿದರೆ ಗಟ್ಟಿ ಪ್ಲಾಸ್ಟಿಕ್ ಸಿಗುತ್ತಿತ್ತು. ಹಾರ್ನಿನ ಗುಂಡಿ, ಗೇರಿನ ಹಿಡಿ ಮುಂತಾದವು ಅದರಿಂದ ಬಂದವು. 1930ರ ದಶಕದ ನಡುವಿಗೆ ಒಂದೊಂದು ಫೋರ್ಡ್ ಕಾರಿಗೆ ಒಂದು ಬುಶೆಲ್, ಎಂದರೆ ಸುಮಾರು 27 ಕಿಲೋ ಸೋಯಾಬೀನ್ ಬಳಕೆಯಾಗುತ್ತಿತ್ತೆಂದು ಲೆಕ್ಕ. 1934ರಲ್ಲಿ ಶಿಕಾಗೋ ವಸ್ತುಪ್ರದರ್ಶನದಲ್ಲಿ ಪತ್ರಕರ್ತರನ್ನು ಕರೆದು ಆದ್ಯಂತ ಸೋಯಾದ್ದೇ ಊಟ ಬಡಿಸಿದರು. ಉಂಡವರ ಪಾಡು ಏನಾಯಿತೋ!

1940ರ ನವೆಂಬರಿನಲ್ಲಿ, 77ರ ವಯಸ್ಸಿನಲ್ಲಿ, ತಮ್ಮ ಕಾರಿನ ಹಿಂಬದಿಗೆ ಸೋಯಾ ಪ್ಲಾಸ್ಟಿಕ್ಕಿನ ಮುಚ್ಚಳ ಹಾಕಿಸಿ, ಛಾಯಾಗ್ರಾಹಕರ ಮುಂದೆ ಕೊಡಲಿಯಿಂದ ಹೊಡೆದು ತೋರಿಸಿದರು. 1941ರ ಆಗಸ್ಟಿನಲ್ಲಿ ಡಿಯರ್‌ಬಾರ್ನಿನ ಉತ್ಸವದಲ್ಲಿ ಇಡೀ ಕಾರೇ ಹೊರಬಂತು: ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ 14 ಪ್ಲಾಸ್ಟಿಕ್ ಹಲಗೆಗಳು. ತೂಕ ಉಕ್ಕಿನ ಕಾರಿಗಿಂತ ಸುಮಾರು 450 ಕಿಲೋ ಕಡಿಮೆ. ಆದರೆ ಕಾರು ಆ ಒಂದಕ್ಕೇ ನಿಂತಿತು. ಯುದ್ಧ ಬಂದು ಕಾರು ತಯಾರಿಕೆಯೇ ನಿಂತುದು ಒಂದು ಕಾರಣ. ಸೋಯಾ ಪ್ಲಾಸ್ಟಿಕ್ ತೇವ ಹೀರಿ ಸೊಟ್ಟಗಾಗುತ್ತಿದ್ದುದು ಇನ್ನೊಂದು. ಯುದ್ಧಾನಂತರ ಪೆಟ್ರೋಲಿಯಮ್ಮಿನಿಂದ ಬಂದ ಅಗ್ಗದ ಪ್ಲಾಸ್ಟಿಕ್ಕುಗಳ ಮುಂದೆ ಹಿಂಡಿಯದು ನಿಲ್ಲಲಿಲ್ಲ. ಬಾಯರ್ 1943ರಲ್ಲಿ ಕಂಪೆನಿ ಬಿಟ್ಟು, ಮುಂದೆ ಸೋಯಾದಿಂದ ಮಾಂಸವನ್ನು ಹೋಲುವ ಆಹಾರ ತಯಾರಿಸುವತ್ತ ತಿರುಗಿದರು.

ಫೋರ್ಡರನ್ನು ಬರೇ ಹೊಗಳುವುದು ಸಲ್ಲದು. 1920ರ ದಶಕದಲ್ಲಿ ಅವರ ಪತ್ರಿಕೆ ಯಹೂದಿ ಜನಾಂಗದ ಮೇಲೆ ಕಾರಿದ ವಿಷಕ್ಕೆ 1927ರಲ್ಲಿ ಅವರು ಕ್ಷಮೆ ಯಾಚಿಸಬೇಕಾಯಿತು. 1937ರಲ್ಲಿ ಕಾರ್ಖಾನೆಯ ಹೊರಗೆ ಕಾರ್ಮಿಕ ಸಂಘದವರನ್ನು ಕಂಪೆನಿಯ ಕಾವಲುಗಾರರು ಥಳಿಸಿದರು. ಅಲ್ಪಸಂಖ್ಯಾತರಾದ ನಾವು ಮೊದಲನೆಯದನ್ನಂತೂ ಮರೆಯಲಾರೆವು. 1943ರಲ್ಲಿ ಒಬ್ಬನೇ ಮಗ ಎಡ್ಸೆಲ್ ತೀರಿಕೊಂಡ ಮೇಲೆ ಮುದುಕ ಕುಸಿದರು. 1947ರ ಏಪ್ರಿಲ್ 7ರ ರಾತ್ರಿ, ರೂಜ್ ನದಿಯ ನೆರೆಯಿಂದ ಮನೆಯ ವಿದ್ಯುತ್ ಕಡಿದುಹೋಗಿದ್ದಾಗ, ದೀಪದ ಬೆಳಕಿನಲ್ಲಿ ಅವರ ಪ್ರಾಣ ಹೋಯಿತು.

ಅವರ ಆಸೆ ಕೈಗೂಡಿದ್ದು ಅವರು ನೆನೆಯದ ದಾರಿಯಿಂದ. 1937ರಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಓಟ್ಟೋ ಬಾಯರ್ ಎಂಬ ರಸಾಯನಶಾಸ್ತ್ರಜ್ಞರು (ಹೆಸರು ಹೋಲುತ್ತದೆ, ಸಂಬಂಧವಿಲ್ಲ) ಪಾಲಿಯುರಿಥೇನ್ ಕಂಡುಹಿಡಿದಿದ್ದರು. ಐಸೊಸಯನೇಟ್, ಪಾಲಿಯಾಲ್ ಎಂಬ ಎರಡು ದ್ರವಗಳನ್ನು ಸೇರಿಸುವಾಗ ತುಸು ನೀರಿದ್ದರೆ ಅನಿಲ ಹುಟ್ಟಿ, ಇಡ್ಲಿ ಹಿಟ್ಟಿನಂತೆ ಉಬ್ಬಿ, ಗುಳ್ಳೆಗುಳ್ಳೆಯಾಗಿ ಗಟ್ಟಿಯಾಗುತ್ತದೆ. ನಮ್ಮ ಹಾಸಿಗೆ, ಬಸ್ಸಿನ ಸೀಟುಗಳ ಸ್ಪಂಜು ಇದೇ. ಪಾಲಿಯಾಲ್ ಸಾಧಾರಣವಾಗಿ ಪೆಟ್ರೋಲಿಯಮ್ಮಿನದು. ಸೋಯಾ ಎಣ್ಣೆಯ ಅಣುವಿನಲ್ಲಿರುವ ಜೋಡಿ ಬಂಧಗಳನ್ನು ತೆರೆದು ಅಲ್ಲಿ ಹೈಡ್ರಾಕ್ಸಿಲ್ ಗುಂಪುಗಳನ್ನು ಕೂರಿಸಿದರೆ ಅದೂ ಪಾಲಿಯಾಲ್ ಆಗುತ್ತದೆ. ಫೋರ್ಡ್ ಕಂಪೆನಿಯ ವಿಜ್ಞಾನಿಗಳನ್ನು ಮೊದಮೊದಲು ಕಾಡಿದ್ದು ಕಮಟು ವಾಸನೆ. ಅದನ್ನು ಗೆದ್ದು, 2008ರ ಮಾದರಿಯ ಮಸ್ಟಾಂಗ್ ಕಾರಿನ ಸೀಟಿನಲ್ಲಿ ಸೋಯಾ ಫೋಮ್ ಬಳಸಿದರು. 2011ರ ಹೊತ್ತಿಗೆ ಉತ್ತರ ಅಮೆರಿಕದಲ್ಲಿ ತಯಾರಾಗುವ ಅವರ ಎಲ್ಲ ವಾಹನಗಳಿಗೂ ಅದು ಬಂತು. ಆದರೆ ಫೋಮಿನಲ್ಲಿ ಸೋಯಾದ ಪಾಲು ಚಿಕ್ಕದೇ. ಉಳಿದದ್ದು ಈಗಲೂ ಪೆಟ್ರೋಲಿಯಮ್ಮಿನದೇ.

ಕಾಸರಗೋಡಿನವರಿಗೆ ಇದು ತೀರ ಹೊಸತಲ್ಲ. ಗೇರುಬೀಜದ ಚಿಪ್ಪಿನ ಸುಡುವ ಎಣ್ಣೆ ಬಹಳ ಹಿಂದಿನಿಂದಲೂ ವಾಹನಗಳ ಬ್ರೇಕಿನ ಪಟ್ಟಿಗಳಿಗೆ ಸೇರುತ್ತ ಬಂದಿದೆ. ಇನ್ನು ಹಿತ್ತಿಲಿನ ಹರಳುಗಿಡದ ಎಣ್ಣೆಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳು ಹುಟ್ಟಿನಿಂದಲೇ ಇವೆ. ಸೋಯಾ ಎಣ್ಣೆಗೆ ಮಾಡಬೇಕಾದ ಉಪಚಾರ ಅದಕ್ಕೆ ಬೇಕಿಲ್ಲ. ಲೋಕದ ಹರಳಿನ ಬಹುಪಾಲು ಬೆಳೆಯುವುದು ಭಾರತದಲ್ಲೇ, ಅದರಲ್ಲೂ ಗುಜರಾತಿನಲ್ಲಿ.