ಬುಕಾನನ್ ಮತ್ತು ತುಮಕೂರು ಸೀಮೆಯ ಕುಲುಮೆಯ ಪದಗಳು

ಫ್ರಾನ್ಸಿಸ್ ಬುಕಾನನ್ ಕನ್ನಡ ವಿದ್ವತ್ ವಲಯದಲ್ಲಿ ಪ್ರವಾಸಿಯಾಗಿ, ಭೂಸಮೀಕ್ಷಕನಾಗಿ ಪರಿಚಿತನು. ಕುಣಿಗಲ್, ಗುಬ್ಬಿ, ತುಮಕೂರು ಪ್ರದೇಶದ ಕಮ್ಮಾರಿಕೆಯ ಪದಗಳನ್ನು ಅರಿಯಬಯಸುವವರಿಗೂ ಆತನ ಬದುಕು ಮತ್ತು ಬರಹ ಮುಖ್ಯವಾದ ಆಕರ.

1762ರಲ್ಲಿ ಸ್ಕಾಟ್ಲೆಂಡಿನ ಕ್ಯಾಲಂಡರ್ ಸಮೀಪ ಜನಿಸಿದ ಬುಕಾನನ್ 1783ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದನು. 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ವೈದ್ಯಸೇವೆಗೆ ಸೇರಿ, ಮರುವರ್ಷ ಬರ್ಮಾದ ಆವಾಕ್ಕೆ ತೆರಳಿದ ರಾಯಭಾರ ತಂಡದಲ್ಲಿದ್ದನು. ಅಲ್ಲಿ ಸಂಗ್ರಹಿಸಿದ ಹಲವು ಭಾಷೆಗಳ ತೌಲನಿಕ ಪದಪಟ್ಟಿ 1799ರಲ್ಲಿ ಪ್ರಕಟವಾಯಿತು. ಸ್ಥಳೀಯರ ಬಾಯಿಂದ ಹೆಸರು ಕೇಳಿ ಬರೆದಿಡುವ ಅಭ್ಯಾಸವನ್ನು ಆತನು ಮೈಸೂರು ಸೀಮೆಯಲ್ಲಿಯೂ ಮುಂದುವರಿಸಿದನು.

ಟಿಪ್ಪುವಿನ ಪತನಾನಂತರ ಕೃಷಿ, ಕೈಕಸುಬು, ವ್ಯಾಪಾರಗಳ ಸ್ಥಿತಿಯನ್ನು ತಿಳಿಯಲು ವೆಲ್ಲೆಸ್ಲಿಯು ಬುಕಾನನ್‌ನನ್ನು ನಿಯೋಜಿಸಿದನು. 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟ ಆತನ ಸಂಚಾರ 1801ರ ಜುಲೈವರೆಗೆ ನಡೆಯಿತು. ಕುಣಿಗಲಿಗೆ ನೆರೆಯದಾದ ಮಾಗಡಿ ಸೀಮೆಯನ್ನೂ ಮಧುಗಿರಿ, ಚನ್ನರಾಯನದುರ್ಗ, ತುಮಕೂರು, ಗುಬ್ಬಿಗಳನ್ನೂ ಆತನು ಕಂಡನು. ಮಳೆನೀರು ಬಂಡೆಗಳಿಂದ ತಂದ ಕಪ್ಪು ಮರಳನ್ನು ತೊಳೆದು ಕಬ್ಬಿಣ ತೆಗೆಯುವುದು, ತೊಗಲಿನ ತಿದಿಯಿಂದ ಗಾಳಿಯೂದುವುದು, ಕಬ್ಬಿಣವನ್ನು ತಂಗಡಿಯ ಕಡ್ಡಿ ಹಾಗೂ ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು ಕಾಯಿಸಿ ಉಕ್ಕು ಮಾಡುವುದು ಆತನ ವಿವರಣೆಯಲ್ಲಿ ಕ್ರಮವಾಗಿ ಬಂದಿವೆ. ಚನ್ನಪಟ್ಟಣದಲ್ಲಿ ವಾದ್ಯಗಳ ತಂತಿಗಾಗಿ ಉಕ್ಕನ್ನು ಎಳೆಯುತ್ತಿದ್ದುದನ್ನೂ ಆತನು ದಾಖಲಿಸಿದನು.

ಈ ವಿವರಣೆಗೆ ಒಂದು ಮಿತಿಯುಂಟು. ಪಾಂಚಾಲರನ್ನು ಕುರಿತು ಬರೆಯುವಾಗ ಕಬ್ಬಿಣದವ, ಬಡಗಿ, ಕಂಚುಗಾರ, ಕಲ್ಲುಬಡಗಿ, ಅಕ್ಕಸಾಲಿ ಎಂಬ ಕನ್ನಡ ಹೆಸರುಗಳನ್ನೇ ಬುಕಾನನ್ ಉಳಿಸಿಕೊಂಡನು. ಉಪಕರಣಗಳನ್ನಾದರೋ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ವರ್ಣಿಸಿದನು. ಇದರಿಂದ ಮರೆಯಾದುದೇನು ಎಂಬುದಕ್ಕೆ ತಿದಿ ಎಂಬ ಪದವೇ ನಿದರ್ಶನ. ತಿದಿಯೆಂದರೆ ತೊಗಲಿನ ಚೀಲವೂ ಹೌದು, ಕುಲುಮೆಗೆ ಗಾಳಿಯೂದುವ ಸಾಧನವೂ ಹೌದು. ತೆಲುಗಿನ ತಿತ್ತಿಗೂ ಈ ಎರಡರ್ಥಗಳಿವೆ. ಬರ್ಮಾ, ವಿಯೆಟ್ನಾಂಗಳ ಕಮ್ಮಾರರು ಬಳಸುತ್ತ ಬಂದದ್ದು ಬಿದಿರು ಅಥವಾ ಮರದ ಜೋಡಿ ಕೊಳವೆಗಳಲ್ಲಿ ಒತ್ತುದಂಡಗಳನ್ನು ಏರಿಳಿಸುವ ಸಾಧನವನ್ನು. ಅದಕ್ಕೆ ತಿದಿಯೆಂಬ ಹೆಸರು ಸಲ್ಲದು. ಇಂಗ್ಲಿಷಿನ ಒಂದೇ ಪದ ಎರಡನ್ನೂ ಸೂಚಿಸಿದರೂ ವಸ್ತುವಿನ ರಚನೆಯನ್ನು ಹೇಳುವುದು ಕನ್ನಡ ಪದವೇ. ಉಕ್ಕು ಎಂಬ ಮಾತಿನಿಂದಲೇ ಯುರೋಪಿನಲ್ಲಿ ವೂಟ್ಜ್ ಎಂಬ ರೂಪ ಬಂದಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಹೊರಬಂದಿತು. ಅದೇ ವರ್ಷ ಬಂಗಾಳದ ಸಮೀಕ್ಷೆಗೆ ತೊಡಗಿದ ಬುಕಾನನ್ 1815ರಲ್ಲಿ ಸ್ವದೇಶಕ್ಕೆ ಮರಳಿದನು. ತಾಯಿಯ ಕಡೆಯ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಪಡೆದು, 1829ರ ಜೂನ್ 15ರಂದು ನಿಧನನಾದನು. ಅದೇ ಶತಮಾನದಲ್ಲಿ ವಿದೇಶಿ ಕಬ್ಬಿಣ ಅಗ್ಗವಾಗಿ ಬಂದು ಅದಿರು ಕರಗಿಸುವ ಒಲೆಗಳು ಆರಿದವು. ಹಳ್ಳಿಯ ಕುಲುಮೆಗಳು ಗುಳ, ಕುಡುಗೋಲುಗಳನ್ನು ಹದಗೊಳಿಸುತ್ತ ಉಳಿದವು. ತಿದಿ, ಮೂಸೆ, ಅಡಿಗಲ್ಲು, ಇಕ್ಕಳ, ಚಮ್ಮಟಿಗೆಗಳನ್ನು ಕಿಟೆಲ್‌ನ 1894ರ ನಿಘಂಟಿನಂಥ ಆಕರಗಳಿಂದಲೂ ಕಮ್ಮಾರರ ಆಡುಮಾತಿನಿಂದಲೂ ಹುಡುಕಿ ಬುಕಾನನ್‌ನ ವಿವರಣೆಗೆ ಹೊಂದಿಸಬೇಕಾಗಿದೆ. ಕೆಲಸದ ಕ್ರಮವನ್ನು ಆತನು ಉಳಿಸಿದನು. ಅದನ್ನು ಆತನಿಗೆ ತಿಳಿಸಿದ ಕಮ್ಮಾರರ ಮಾತನ್ನು ಅದರೊಳಗೆ ಮರಳಿ ಸೇರಿಸುವುದು ಕನ್ನಡ ಸಂಶೋಧನೆಯ ಹೊಣೆ.